ಮುಚ್ಚುವ ಬಾಗಿಲು ಯಾವುದು, ಮೊದಲು ಅದನ್ನು ಹುಡುಕಿ

ಈ ಸಲ ಬಂದ ಚಾರಣಿಗರ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ ಅಚ್ಚರಿಯಾಯಿತು. ಯಾವ ಶೂ ಕೊಳ್ಳಲಿ, ಡೇರೆ ಎಷ್ಟು ತೂಕವಿರಬೇಕು ಎಂದು ಕೇಳಿದವರು ಒಬ್ಬರೂ ಇಲ್ಲ. ಎಲ್ಲರದೂ ಒಂದೇ ಚಿಂತೆ: ಯಾವ ತುದಿಯಿಂದ ಹೊರಡುವುದು, ಯಾವಾಗ ಹೊರಡುವುದು. ಹಾಗಾಗಿ ಶೂಗಳಿಗೆ ಈ ತಿಂಗಳು ರಜೆ.

ಪ್ರಶ್ನೆ: ನಾನೂ ನನ್ನ ಅಣ್ಣನೂ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ನಡೆಯಬೇಕೆಂದಿದ್ದೇವೆ. ಎಲ್ಲರೂ ಬೆಸಿಸಹರ್ ಕಡೆಯಿಂದ ಹೊರಟು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಾರಂತೆ. ಹಾಗೆ ಹೋದರೆ ಮುಂದಿನವರ ಬೆನ್ನುಗಳನ್ನೇ ನೋಡುತ್ತಾ ನಡೆಯಬೇಕು, ಮುಕ್ತಿನಾಥದ ಕಡೆಯಿಂದ ಉಲ್ಟಾ ಹೋಗೋಣ ಎನ್ನುತ್ತಾನೆ ಅಣ್ಣ. ಅವನಿಗೆ 52, ನನಗೆ 47. ಅಕ್ಟೋಬರ್‌ನಲ್ಲಿ ಹೋಗಬೇಕೆಂದಿದ್ದೇವೆ. ಯಾರ ಮಾತು ಕೇಳಲಿ? —ಒಬ್ಬ ತಂಗಿ

ಉತ್ತರ: ಅಣ್ಣನವರ ಆಸೆ ನನಗೆ ಅರ್ಥವಾಗುತ್ತದೆ. ಇದೇ ಆಸೆಗೆ ಬಿದ್ದು ನಾನೂ ಒಮ್ಮೆ ಮುಕ್ತಿನಾಥದಿಂದ ಮೇಲಕ್ಕೆ ಹೊರಟವಳು. ಆ ದಿನದ ಕಥೆ ಹೇಳುವ ಮೊದಲು ಸ್ವಲ್ಪ ಲೆಕ್ಕ ನೋಡೋಣ.

ಈ ದಾರಿಯ ಗಂಟು ಇರುವುದು ಒಂದೇ ಕಡೆ, 5416 ಮೀಟರ್ ಎತ್ತರದ ಥೊರೊಂಗ್ ಲಾ ಎಂಬ ಪಾಸ್, ಅಂದರೆ ಬೆಟ್ಟಸಾಲನ್ನು ದಾಟುವ ಕಣಿವೆ. ಬೇರೆ ಎಲ್ಲವೂ ಅದರ ಸುತ್ತ ಕಟ್ಟಿಕೊಂಡದ್ದು. ಬೆಸಿಸಹರ್ ಕಡೆಯಿಂದ ಬಂದರೆ ಮನಾಂಗ್ 3540 ಮೀಟರ್. ಅಲ್ಲಿ ಎರಡು ರಾತ್ರಿ ಕಳೆಯುತ್ತೀರಿ. ಮುಂದೆ ಯಾಕ್ ಖರ್ಕಾ, ಹೆಚ್ಚುಕಡಿಮೆ 4000 ಮೀಟರ್. ಮರುದಿನ ಥೊರೊಂಗ್ ಫೇದಿ, ಸುಮಾರು 4450. ಅದರಾಚೆಗೆ ಪಾಸ್. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ಎತ್ತರದ ಕಾಯಿಲೆ ಬಲ್ಲ ವೈದ್ಯರು ಹೇಳುವ ಮಾತು. ಈ ಕಡೆಯಿಂದ ಹೋದರೆ ಆ ನಿಯಮವನ್ನು ನೀವು ಪಾಲಿಸಬೇಕಾಗಿಯೇ ಇಲ್ಲ. ನೀವು ಪಾಲಿಸುವಂತೆ ಹಳ್ಳಿಗಳೇ ನೋಡಿಕೊಳ್ಳುತ್ತವೆ. ಆ ಕಡೆಯಿಂದಲೋ, ಮುಕ್ತಿನಾಥ ಸುಮಾರು 3760 ಮೀಟರ್. ಅಲ್ಲಿಂದ ಪಾಸಿಗೆ ಒಂದೇ ಏರಿಗೆ 1650 ಮೀಟರ್. ನಡುವೆ ತಂಗಲು ಒಂದೆರಡು ಸಣ್ಣ ಜಾಗಗಳಿವೆ, ಅಷ್ಟೇ.

ನಾನು ಹೊರಟದ್ದು ಬೆಳಗಿನ ಜಾವ ಮೂರಕ್ಕೆ. ಜೊತೆಗೆ ಗೆಳತಿ ಇದ್ದಳು. 4800ರ ಹತ್ತಿರ ಅವಳ ಬೂಟಿನ ಲೇಸು ಬಿಚ್ಚಿತು. ಕೈಗವಸು ತೆಗೆದು ಬಗ್ಗಿದಳು, ಎರಡು ಎಳೆಗಳನ್ನೂ ಹಿಡಿದುಕೊಂಡಳು, ಹಾಗೆಯೇ ನಿಂತುಬಿಟ್ಟಳು. ಚಳಿಗೆ ಬೆರಳು ಮರಗಟ್ಟಿರಬೇಕು ಎಂದುಕೊಂಡೆ. ಅವಳು ನಿಧಾನವಾಗಿ ತಲೆಯೆತ್ತಿ, "ಮುಂದೇನು ಮಾಡುವುದು, ಮರೆತುಹೋಗಿದೆ" ಎಂದಳು. ಮೂವತ್ತು ವರ್ಷದಿಂದ ಕಟ್ಟಿಕೊಂಡು ಬಂದ ಗಂಟು! ಲೇಸನ್ನು ನಾನೇ ಕಟ್ಟಿ, ಅವಳ ಚೀಲವನ್ನು ನನ್ನ ಎದೆಗೆ ಹಾಕಿಕೊಂಡು, ಬಂದ ದಾರಿಯಲ್ಲೇ ಇಳಿಸಿದೆ. ಸಾವಿರ ಮೀಟರ್ ಕೆಳಗೆ ಬಂದಾಗ ಅವಳಿಗೆ ಹಸಿವಾಯಿತು, ಬೈಗುಳವೂ ಮರಳಿ ಬಂತು. ಆಮೇಲೆ ನನಗೂ ಹೋದ ಜೀವ ಬಂದಂತಾಯಿತು.

ಅಣ್ಣನವರ ಪರವಾಗಿಯೂ ಒಂದು ಮಾತು ಹೇಳಬೇಕು. ಮುಕ್ತಿನಾಥದ ಕೆಳಗಿನ ಕಾಳಿಗಂಡಕಿ ಕಣಿವೆಯಲ್ಲಿ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ದಕ್ಷಿಣದಿಂದ ಗಾಳಿ ಎದ್ದರೆ ಸಂಜೆಯವರೆಗೆ ನಿಲ್ಲುವುದಿಲ್ಲ. ಜೋಮ್ಸೋಮ್‌ಗೆ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುವುದು ಅದಕ್ಕೇ. ನೀವು ಹೇಳುವ ದಿಕ್ಕಿನಲ್ಲಿ ಬಂದರೆ ಕಾಗ್‌ಬೇನಿಯಿಂದ ಕೆಳಕ್ಕೆ ಆ ಗಾಳಿ, ಧೂಳು ಎರಡೂ ಮುಖಕ್ಕೆ. ಅವರ ದಿಕ್ಕಿನಲ್ಲಾದರೆ ಅದೇ ಗಾಳಿ ಬೆನ್ನು ತಳ್ಳುತ್ತದೆ. ಆದರೆ ಗಾಳಿಗೆ ಮುಖ ಕೊಟ್ಟವರಿಗೆ ಕಣ್ಣು ಕೆಂಪಾಗುವುದಕ್ಕಿಂತ ಹೆಚ್ಚಿನದೇನೂ ಆಗುವುದಿಲ್ಲ. ನಸುಕಿನಲ್ಲೇ ಹೊರಟು ಹತ್ತರೊಳಗೆ ಆ ದಿನದ ನಡಿಗೆ ಮುಗಿಸಿದರೆ ಅದೂ ಇಲ್ಲ. ಆದ್ದರಿಂದ ತಂಗಿಯ ಮಾತೇ ನಡೆಯಲಿ. ಬೆನ್ನುಗಳನ್ನು ನೋಡುವ ಬೇಸರವಿದ್ದರೆ ಎಲ್ಲರೂ ಏಳಕ್ಕೆ ಹೊರಡುವಾಗ ನೀವು ಐದೂವರೆಗೆ ಹೊರಡಿ.

ಇನ್ನು ಅಕ್ಟೋಬರ್. ಮಳೆಗಾಲ ಹಿಂದೆ ಸರಿದಿರುತ್ತದೆ, ಆಕಾಶ ತೊಳೆದಿಟ್ಟಂತಿರುತ್ತದೆ, ನಿಜ. ಆದರೆ 2014ರ ಅಕ್ಟೋಬರ್ 14ರಂದು ಇದೇ ಥೊರೊಂಗ್ ಲಾ ಸುತ್ತಮುತ್ತ ಹಿಮ ಬಿದ್ದು, ಹಿಮಕುಸಿತಗಳೂ ಸೇರಿ ಆ ಪ್ರದೇಶದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಎರಡು ದಿನ ಮೊದಲು ವಿಶಾಖಪಟ್ಟಣಕ್ಕೆ ಬಡಿದಿದ್ದ ಹುದ್‌ಹುದ್ ಚಂಡಮಾರುತದ ಶೇಷ ಅದು. ಬಂಗಾಳಕೊಲ್ಲಿಯಲ್ಲಿ ಎದ್ದದ್ದು ಹಿಮಾಲಯದಲ್ಲಿ ಇಳಿಯಿತು. ಆದ್ದರಿಂದ ಮನಾಂಗ್‌ನಲ್ಲಿ ಸುದ್ದಿ ಕೇಳುವಾಗ ನೇಪಾಳದ ಹವಾಮಾನವೊಂದೇ ಸಾಲದು, ಕೊಲ್ಲಿಯಲ್ಲಿ ಏನು ನಡೆದಿದೆ ಎಂಬುದನ್ನೂ ಕೇಳಿ. ಚಂಡಮಾರುತ ಎದ್ದಿದೆ ಎಂದರೆ ಚೀಲ ಬಿಚ್ಚಿ ಕುಳಿತುಬಿಡಿ. ಇದಕ್ಕೆಂದೇ ಮೂರು ದಿನ ಹೆಚ್ಚುವರಿ ಇಟ್ಟುಕೊಳ್ಳಿ. ವಾಪಸಾತಿಯ ಟಿಕೆಟಿನ ತಾರೀಖು ಆ ಮೂರು ದಿನಗಳ ಆಚೆಗಿರಲಿ. ಅಂದು ಪಾಸ್ ಹತ್ತಿದವರಲ್ಲಿ ಎಷ್ಟು ಜನರ ಜೇಬಿನಲ್ಲಿ ತಾರೀಖು ಬದಲಿಸಲಾಗದ ಟಿಕೆಟ್ ಇತ್ತೋ ಎಂದು ನಾನು ಆಗಾಗ ಯೋಚಿಸುವುದುಂಟು.

ಪ್ರಶ್ನೆ: ಆರು ತಿಂಗಳು ಬಿಡುವು ಸಿಕ್ಕಿದೆ. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಪೂರ್ತಿ ನಡೆಯುವ ಹಂಬಲ. ಮೆಕ್ಸಿಕೊ ಗಡಿಯಿಂದ ಉತ್ತರಕ್ಕೋ, ಕೆನಡಾ ಗಡಿಯಿಂದ ದಕ್ಷಿಣಕ್ಕೋ? ಏಪ್ರಿಲ್ 1ರಂದು ಹೊರಡಬೇಕೆಂದು ತೀರ್ಮಾನಿಸಿದ್ದೇನೆ. —ಗಣಕಯಂತ್ರದ ಮುಂದೆ ಹತ್ತು ವರ್ಷ ಕಳೆದವನು

ಉತ್ತರ: ದಿಕ್ಕು ಗೊತ್ತಿಲ್ಲ, ತಾರೀಖು ಮಾತ್ರ ತೀರ್ಮಾನವಾಗಿದೆ! ಆ ತಾರೀಖನ್ನು ಸದ್ಯಕ್ಕೆ ಅಳಿಸಿ, ಪೆನ್ಸಿಲ್ ಹಿಡಿಯಿರಿ.

ದಾರಿಯ ಉದ್ದ ಸುಮಾರು 4265 ಕಿಲೋಮೀಟರ್. ಉತ್ತರಕ್ಕೆ ಹೋಗುವವರಿಗೆ ಎರಡು ಬಾಗಿಲು. ಮೊದಲನೆಯದು ತೆರೆಯುವ ಬಾಗಿಲು, ಸಿಯೆರಾ ನೆವಾಡಾ ಪರ್ವತಸಾಲು. ದಕ್ಷಿಣದ ತುದಿಯಿಂದ ಸುಮಾರು 1130 ಕಿಲೋಮೀಟರ್ ದೂರದ ಕೆನಡಿ ಮೆಡೋಸ್‌ನಲ್ಲಿ ಅದರ ಹೊಸ್ತಿಲು. ಸಾಮಾನ್ಯ ಹಿಮದ ವರ್ಷದಲ್ಲಿ ಜೂನ್ ಮಧ್ಯದ ಹೊತ್ತಿಗೆ ಒಳಗೆ ಕಾಲಿಡಬಹುದು. ಎರಡನೆಯದು ಮುಚ್ಚುವ ಬಾಗಿಲು: ವಾಷಿಂಗ್ಟನ್ ರಾಜ್ಯದ ಉತ್ತರದ ಬೆಟ್ಟಗಳು. ಸೆಪ್ಟೆಂಬರ್ ಕೊನೆಗೆ ಅಲ್ಲಿ ಹೊಸ ಹಿಮ ಶುರುವಾಗುತ್ತದೆ.

ಈಗ ಹಿಂದಕ್ಕೆ ಎಣಿಸಿ. ಮೊದಲ ತಿಂಗಳು ದಿನಕ್ಕೆ 26 ಕಿಲೋಮೀಟರ್ ನಡೆದೀರಿ ಎನ್ನೋಣ. ಹತ್ತು ವರ್ಷ ಕುರ್ಚಿಯಲ್ಲಿ ಕುಳಿತ ಕಾಲುಗಳಿಗೆ ಅದೇ ಹೆಚ್ಚು. 1130 ಕಿಲೋಮೀಟರಿಗೆ 44 ದಿನ. ಬೊಬ್ಬೆ ಒಣಗಲು, ಬಟ್ಟೆ ಒಗೆಯಲು ಆರು ದಿನ. ಜೂನ್ 15ರಿಂದ ಐವತ್ತು ದಿನ ಹಿಂದಕ್ಕೆ ಹೋದರೆ ಏಪ್ರಿಲ್ 26. ನಿಮ್ಮ ಏಪ್ರಿಲ್ 1 ಏನು ಮಾಡುತ್ತಿತ್ತು ಗೊತ್ತೇ? ಮೇ ಮೂರನೆಯ ವಾರ ನಿಮ್ಮನ್ನು ಕೆನಡಿ ಮೆಡೋಸ್‌ನಲ್ಲಿ ತಂದು ನಿಲ್ಲಿಸಿ, ಮುಂದಿರುವ 4009 ಮೀಟರಿನ ಫಾರೆಸ್ಟರ್ ಪಾಸ್ ತೋರಿಸಿ, "ಹೋಗು" ಎನ್ನುತ್ತಿತ್ತು. ಹೊರಡುವ ದಿನ ನಿಮ್ಮ ಕೈಯಲ್ಲೇ ಪೂರ್ತಿ ಇಲ್ಲ ಎಂಬುದೂ ನೆನಪಿರಲಿ. ದಕ್ಷಿಣದ ತುದಿಯಿಂದ ದೂರದ ನಡಿಗೆಗೆ ದಿನಕ್ಕೆ 50 ಜನರಿಗೆ ಮಾತ್ರ ಪರವಾನಗಿ.

ಉಳಿದ 3135 ಕಿಲೋಮೀಟರನ್ನು ಜೂನ್ 15ರಿಂದ ಸೆಪ್ಟೆಂಬರ್ 25ರೊಳಗೆ ಮುಗಿಸಬೇಕು. ಅಂದರೆ 102 ದಿನ, ವಿಶ್ರಾಂತಿಯೂ ಸೇರಿ ದಿನಕ್ಕೆ ಸರಾಸರಿ 31. ಅಷ್ಟು ಹೊತ್ತಿಗೆ ಕಾಲು ಪಳಗಿರುತ್ತದೆ, ಆಗುವ ಮಾತು.

ದಕ್ಷಿಣಕ್ಕೆ ಹೊರಟರೂ ಬಾಗಿಲು ಎರಡೇ, ಆದರೆ ಅವು ಇರುವ ಜಾಗ ಬೇರೆ. ಉತ್ತರದ ಬೆಟ್ಟಗಳ ಹಿಮ ಕರಗುವುದು ಜೂನ್ ಕೊನೆಗೋ ಜುಲೈ ಮೊದಲಿಗೋ. ಸಿಯೆರಾದಿಂದ ಅಕ್ಟೋಬರ್ ಮೊದಲ ವಾರದಲ್ಲಿ ಹೊರಬಿದ್ದಿರಬೇಕು. ನಡುವೆ ಅದೇ 3135 ಕಿಲೋಮೀಟರ್, ದಿನ ಇನ್ನೂ ನಾಲ್ಕಾರು ಕಡಿಮೆ. ವ್ಯತ್ಯಾಸವೆಂದರೆ ಈ ಓಟವನ್ನು ನೀವು ಪಳಗದ ಕಾಲಿನಿಂದ, ಅದೂ ಕಡಿದಾದ ಹಿಮದ ಇಳಿಜಾರಿನಿಂದ ಶುರು ಮಾಡುತ್ತೀರಿ. ಉತ್ತರಕ್ಕೆ ಹೋಗುವವರಿಗೆ ದಕ್ಷಿಣದ ತುದಿಯ ಮರುಭೂಮಿಯೇ ವ್ಯಾಯಾಮಶಾಲೆ. ದಕ್ಷಿಣಕ್ಕೆ ಬರುವವರಿಗೆ ಆ ಶಾಲೆ ಪರೀಕ್ಷೆ ಮುಗಿದ ಮೇಲೆ ತೆರೆಯುತ್ತದೆ. ಬದಲಿಗೆ ಅವರಿಗೆ ಸಿಗುವುದು ಜನರಿಲ್ಲದ ದಾರಿ. ಸಿಯೆರಾ ದಾಟಿದ ನಂತರ ಹಿಂದಿನಿಂದ ಅಟ್ಟುವ ತಾರೀಖೂ ಇರುವುದಿಲ್ಲ. ಶರತ್ಕಾಲದ ತಂಪಿನಲ್ಲಿ ಮರುಭೂಮಿಯನ್ನು ಆರಾಮವಾಗಿ ದಾಟುತ್ತಾರೆ. ಇನ್ನೊಂದು ತೊಡಕು: ಕೆನಡಾದಿಂದ ಈ ದಾರಿಯಲ್ಲಿ ಅಮೆರಿಕದೊಳಗೆ ಬರುವುದು ಕಾನೂನಿಗೆ ವಿರುದ್ಧ. ಹಾಗಾಗಿ ಹಾರ್ಟ್ಸ್ ಪಾಸ್ ಎಂಬಲ್ಲಿಂದ ಸುಮಾರು 50 ಕಿಲೋಮೀಟರ್ ಉತ್ತರಕ್ಕೆ ನಡೆದು, ಗಡಿಕಂಬ ಮುಟ್ಟಿ, ಅಷ್ಟನ್ನೇ ಹಿಂದಕ್ಕೆ ನಡೆದು ಬರುತ್ತಾರೆ. ದಕ್ಷಿಣಕ್ಕೆ ಹೊರಟವರು ಮೊದಲು ಉತ್ತರಕ್ಕೆ ಹೋಗುವ ಈ ಸಂಪ್ರದಾಯ ನನಗೆ ತುಂಬಾ ಇಷ್ಟ.

ಪುಸ್ತಕದ ಹಾಳೆಯಲ್ಲಿ ಕಾಣದ ಒಂದು ಸಂಗತಿ ಹೇಳಿಬಿಡುತ್ತೇನೆ. ಭೂಮಿಯ ಉತ್ತರಾರ್ಧದಲ್ಲಿ ಬೆಟ್ಟದ ದಕ್ಷಿಣ ಮೈಗೆ ಬಿಸಿಲು ಹೆಚ್ಚು, ಉತ್ತರ ಮೈಗೆ ಕಡಿಮೆ. ಉತ್ತರಕ್ಕೆ ನಡೆಯುವವರು ಪ್ರತಿ ಪಾಸನ್ನೂ ಒಣಗಿದ ಕಲ್ಲಿನ ಮೇಲೆ ಹತ್ತಿ, ಹಿಮದ ಮೇಲೆ ಇಳಿಯುತ್ತಾರೆ. ದಕ್ಷಿಣಕ್ಕೆ ನಡೆಯುವವರದು ಇದರ ತಿರುವುಮುರುವು. ಬೆಳಗಿನ ಗಟ್ಟಿ ಹಿಮವನ್ನು ಮುಳ್ಳಿನ ಅಟ್ಟೆ ಕಟ್ಟಿಕೊಂಡು ಹತ್ತುವುದು ಸುಲಭ. ಅದೇ ಗಟ್ಟಿ ಹಿಮದ ಮೇಲೆ ಇಳಿಯುವಾಗ ಜಾರಿದರೆ ನಿಲ್ಲುವುದು ಕೆಳಗಿನ ಬಂಡೆಗಳಲ್ಲಿ. ಮೆತ್ತಗಾಗಲಿ ಎಂದು ಮಧ್ಯಾಹ್ನದವರೆಗೆ ಕಾದಿರೋ, ಹೆಜ್ಜೆಹೆಜ್ಜೆಗೂ ತೊಡೆಯವರೆಗೆ ಹೂತುಹೋಗುತ್ತೀರಿ. ಹಾಗಾಗಿ ಉತ್ತರಕ್ಕೆ ಹೋಗುವವರಿಗೆ ಪಾಸಿನ ನೆತ್ತಿ ತಲುಪುವ ಗಂಟೆಯೇ ಮುಖ್ಯ: ಹಿಮದ ಮೇಲ್ಪದರ ಎರಡು ಬೆರಳು ಮೆತ್ತಗಾಗಿರಬೇಕು, ಮೂರನೆಯ ಬೆರಳು ಇಳಿಯಬಾರದು. ನಾನು ಕೈಗವಸು ತೆಗೆದು ಬೆರಳಿನಿಂದಲೇ ಚುಚ್ಚಿ ನೋಡುತ್ತೇನೆ.

ನನ್ನ ತೀರ್ಪು ಉತ್ತರಕ್ಕೆ, ಏಪ್ರಿಲ್ ಕೊನೆಯ ವಾರ. ಕೊನೆಯ ಭಾಗದಲ್ಲಿ ಕಾಡ್ಗಿಚ್ಚಿಗೆ ದಾರಿ ಮುಚ್ಚಿದರೆ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಅದು ಅಪರೂಪವೇನಲ್ಲ, ಬಸ್ ಹತ್ತಿ ಮುಂದೆ ಹೋಗಿ. ಬಿಟ್ಟ ತುಂಡು ಎಲ್ಲೂ ಓಡಿಹೋಗುವುದಿಲ್ಲ.

ಪ್ರಶ್ನೆ: ಶಾಲೆಯಲ್ಲಿ ಪಾಠ ಮಾಡುವ ನನಗೆ ರಜೆ ಸಿಗುವುದು ಜುಲೈ ಆಗಸ್ಟ್‌ನಲ್ಲಿ ಮಾತ್ರ. ಆಗ ಹಿಮಾಲಯದಲ್ಲಿ ಮಳೆ. ಚಾರಣದ ಆಸೆ ಬಿಟ್ಟುಬಿಡಲೇ?

ಉತ್ತರ: ತಿಂಗಳು ಬದಲಾಗದಿದ್ದರೆ ಬೆಟ್ಟ ಬದಲಿಸಿ. ಹಿಮಾಲಯದ ಬೆನ್ನಹಿಂದೆ ಮಳೆಯ ನೆರಳಿನಲ್ಲಿ ಲಡಾಖ್, ಸ್ಪಿತಿ, ನೇಪಾಳದ ಮೇಲಿನ ಮುಸ್ತಾಂಗ್ ಇವೆ. ಅವುಗಳ ಕಾಲ ಶುರುವಾಗುವುದೇ ಉಳಿದ ಬೆಟ್ಟಗಳು ನೆನೆಯುವಾಗ. ಮೊದಲ ಸಲಕ್ಕೆ ಲಡಾಖಿನ ಮಾರ್ಖಾ ಕಣಿವೆ ಸಾಕು. ಲೇಹ್ ನಗರವೇ 3500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಇಳಿದವರು ಅಲ್ಲಿ ಮೂರು ದಿನ ಏನೂ ಮಾಡದೆ ಇರಬೇಕು. ಶಿಕ್ಷಕರಿಗೆ ಇದು ಕಷ್ಟವೆಂದು ಬಲ್ಲೆ. ಆಮೇಲೆ ಚಿಲ್ಲಿಂಗ್ ಕಡೆಯಿಂದ ಹೊರಡಿ. ಹಾಗೆ ಹೋದರೆ 5200 ಮೀಟರಿಗೂ ಮೇಲಿರುವ ಕೊಂಗ್ಮಾರು ಲಾ ಕೊನೆಗೆ ಬರುತ್ತದೆ. ಎದುರು ತುದಿಯಿಂದ ಹೊರಟವರು ಅದನ್ನು ಆರಂಭದಲ್ಲೇ ಎದುರಿಸಬೇಕು. ಮಳೆ ಕಡಿಮೆಯ ನಾಡು ಎಂದು ಒಣಗಿದ ಹಳ್ಳದ ಪಾತ್ರದಲ್ಲಿ ಮಾತ್ರ ಡೇರೆ ಹಾಕಬೇಡಿ. 2010ರ ಆಗಸ್ಟ್‌ನ ಮೇಘಸ್ಫೋಟದಲ್ಲಿ ಲೇಹ್ ಸುತ್ತ ನೀರು, ಕೆಸರು ಇಳಿದದ್ದು ಇಂಥ ಒಣಹಳ್ಳಗಳಿಂದಲೇ.

ಪ್ರಶ್ನೆ: ಮಾರ್ಗದರ್ಶಕರು ಹೊಳೆ ದಾಟಲು ನಮ್ಮನ್ನು ನಸುಕಿನ ಐದಕ್ಕೆ ಎಬ್ಬಿಸಿದರು. ನೀರು ಕೊರೆಯುತ್ತಿತ್ತು. ಬಿಸಿಲೇರಿದ ಮೇಲೆ ದಾಟಿದ್ದರೆ ಏನಾಗುತ್ತಿತ್ತು?

ಉತ್ತರ: ಬೆಚ್ಚಗಿನ ಬಿಸಿಲಿನಲ್ಲಿ ಕೊಚ್ಚಿಹೋಗುತ್ತಿದ್ದಿರಿ. ಹಿಮದಿಂದ ಇಳಿಯುವ ಹೊಳೆಗೆ ದಿನದ ಲೆಕ್ಕವಿದೆ. ಹಗಲಿಡೀ ಕರಗಿದ್ದು ಸಂಜೆಗೆ ಬರುತ್ತದೆ, ರಾತ್ರಿಯ ಚಳಿಗೆ ಕರಗುವುದು ನಿಂತು ಬೆಳಗಿನ ಜಾವ ನೀರು ತೀರಾ ಇಳಿಯುತ್ತದೆ. ಹಿಮ ದೂರವಿದ್ದಷ್ಟೂ ನೆರೆ ತಡವಾಗಿ ಬರುತ್ತದೆ. ಕೆಲವು ಕಡೆ ನಡುರಾತ್ರಿಗೆ.

ನಾನು ಒಮ್ಮೆ ಸಂಜೆ ನಾಲ್ಕಕ್ಕೆ ಅಂಥದೊಂದು ಹೊಳೆಯ ದಡಕ್ಕೆ ಬಂದೆ. ಮೊದಲ ಹೆಜ್ಜೆಗೆ ಮಂಡಿ, ಎರಡನೆಯದಕ್ಕೆ ತೊಡೆ. ತಳದಲ್ಲಿ ಕಲ್ಲುಗಳು ಉರುಳುವ ಸದ್ದು ನೀರಿನ ಸದ್ದಿಗಿಂತ ಬೇರೆಯಾಗಿ ಕೇಳುತ್ತಿತ್ತು, ಮೇಲಿನ ಅಂತಸ್ತಿನಲ್ಲಿ ಯಾರೋ ಪೆಟ್ಟಿಗೆ ಎಳೆದಂತೆ. ಹಿಂದೆ ಬಂದೆ. ನೀರಿನ ಅಂಚಿಗೆ ಸರಿಯಾಗಿ ಒಂದು ಬಿಳಿಕಲ್ಲು ಇಟ್ಟೆ. ಆರು ಗಂಟೆಗೆ ಆ ಕಲ್ಲು ಕಾಣಲಿಲ್ಲ. ಬೆಳಿಗ್ಗೆ ಐದೂವರೆಗೆ ನೋಡಿದರೆ ನೀರಿನಿಂದ ನಾಲ್ಕು ಹೆಜ್ಜೆ ಈಚೆಗೆ ಕುಳಿತಿತ್ತು, ಮೈಮೇಲೆ ಗಾಜಿನಂತೆ ತೆಳುವಾದ ಮಂಜುಗಡ್ಡೆ. ಮೊಣಕಾಲು ನೆನೆಯದಂತೆ ದಾಟಿದೆ. ನಿಮ್ಮ ಮಾರ್ಗದರ್ಶಕರಿಗೆ ನನ್ನ ನಮಸ್ಕಾರ ತಿಳಿಸಿ. ದಾಟುವಾಗ ಬೆನ್ನಚೀಲದ ಸೊಂಟಪಟ್ಟಿ ಬಿಚ್ಚಿರಲಿ. ಬಿದ್ದರೆ ಚೀಲ ಹೋಗಲಿ, ನೀವು ಉಳಿಯಿರಿ.

ಪ್ರಶ್ನೆ: ಒಂದು ತಿಂಗಳ ಚಾರಣಕ್ಕೆ ಹೊರಟು ಒಂಬತ್ತನೆಯ ದಿನಕ್ಕೆ ಹಿಂದಿರುಗಿದೆ. ಮತ್ತೆ ಅದೇ ದಾರಿಗೆ ಹೋದರೆ ಇನ್ನೊಂದು ತುದಿಯಿಂದ ಶುರು ಮಾಡು ಎನ್ನುತ್ತಾರೆ ಗೆಳೆಯರು. ಅದು ಸೋಲನ್ನು ಒಪ್ಪಿಕೊಂಡಂತಲ್ಲವೇ? —ಹೆಸರು ಬೇಡ

ಉತ್ತರ: ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1954ರಲ್ಲಿ ಅಪಲೇಚಿಯನ್ ಟ್ರೇಲ್ ನಡೆಯಲು ಉತ್ತರದ ತುದಿಯ ಕಟಾಡಿನ್ ಬೆಟ್ಟದಿಂದ ಹೊರಟರು. ಆ ತುದಿಯ ಬುಡದಲ್ಲೇ ಸುಮಾರು 160 ಕಿಲೋಮೀಟರ್ ಕಾಡು. ದಾರಿ ತಪ್ಪಿತು, ಕನ್ನಡಕ ಒಡೆಯಿತು, ಊಟ ಮುಗಿಯಿತು. ಅರಣ್ಯ ಸಿಬ್ಬಂದಿ ಮನೆಗೆ ಕಳಿಸಿದರು. ಮರುವರ್ಷ ಮೇ ತಿಂಗಳಲ್ಲಿ ದಕ್ಷಿಣದ ತುದಿಯಾದ ಜಾರ್ಜಿಯಾದಿಂದ ಹೊರಟು, ಸೆಪ್ಟೆಂಬರ್‌ನಲ್ಲಿ ಅದೇ ಕಟಾಡಿನ್ ನೆತ್ತಿಯಲ್ಲಿ ನಡಿಗೆ ಮುಗಿಸಿದರು. ಆಗ ಅವರಿಗೆ 67. ಹಿಂದಿನ ವರ್ಷ ಮೊದಲ ವಾರದಲ್ಲಿ ಎದುರಾಗಿದ್ದ ಕಾಡು ಈ ಸಲ ಕೊನೆಯ ವಾರಕ್ಕೆ ಬಂತು. ಅಷ್ಟು ಹೊತ್ತಿಗೆ ಅಜ್ಜಿ ಬೇರೆಯೇ ಅಜ್ಜಿಯಾಗಿದ್ದರು. ನಿಮ್ಮ ಪತ್ರದಲ್ಲಿ ಒಂಬತ್ತನೆಯ ದಿನ ಏನಾಯಿತು ಎಂದು ಬರೆದಿಲ್ಲ. ಅದನ್ನು ಒಂದು ಹಾಳೆಯಲ್ಲಿ ಬರೆಯಿರಿ, ನನಗೆ ಕಳಿಸಬೇಕಿಲ್ಲ. ಆ ತಾಣ ನಿಮ್ಮ ಇಪ್ಪತ್ತೊಂದನೆಯ ದಿನಕ್ಕೆ ಬರುವಂತೆ ಹೊರಡಿ.

ಪ್ರಶ್ನೆ: ಫ್ರಾನ್ಸ್‌ನ ಕಾರ್ಸಿಕಾ ದ್ವೀಪದ ಜಿಆರ್ 20 ದಾರಿಗೆ ಹೊರಟಿದ್ದೇನೆ. ಮಂಡಿ ಅಷ್ಟು ಗಟ್ಟಿಯಿಲ್ಲ. ಯಾವ ಕಡೆಯಿಂದ?

ಉತ್ತರ: ದಕ್ಷಿಣದ ಕೊಂಕಾದಿಂದ. ಸುಮಾರು 180 ಕಿಲೋಮೀಟರಿನಲ್ಲಿ ಉತ್ತರದ ಅರ್ಧವೇ ಕಲ್ಲು, ಸರಪಳಿ, ಕಡಿದಾದ ಇಳಿತ. ಮಂಡಿ ನಡುದಾರಿಯಲ್ಲಿ ಬೇಡವೆಂದರೆ ವಿಜ್ಜಾವೊನಾದಲ್ಲಿ ರೈಲು ನಿಲ್ದಾಣವಿದೆ, ಹತ್ತಿಬಿಡಿ. ಜೂನ್ ಆರಂಭದಲ್ಲಿ ಉತ್ತರದ ಭಾಗದಲ್ಲಿ ಹಿಮ ಉಳಿದಿರಬಹುದು, ಸೆಪ್ಟೆಂಬರ್ ಒಳ್ಳೆಯದು.

ಪ್ರಶ್ನೆ: ಹೋದ ಸಂಚಿಕೆಯಲ್ಲಿ, "ಬಿಸಿಲು ಮುಖಕ್ಕೆ ಬಡಿಯಬಾರದೆಂದರೆ ಉತ್ತರಕ್ಕೆ ನಡೆಯಿರಿ, ಸೂರ್ಯ ಬೆನ್ನಿಗಿರುತ್ತಾನೆ" ಎಂದು ಬರೆದಿದ್ದೀರಿ. ಅದನ್ನು ನಂಬಿ ನ್ಯೂಜಿಲೆಂಡಿನ ತೆ ಆರಾರೋವಾ ದಾರಿಯ ಒಂದು ಭಾಗವನ್ನು ಉತ್ತರಕ್ಕೆ ನಡೆದೆ. ಮೂಗಿನ ಸಿಪ್ಪೆ ಎದ್ದಿದೆ. ಏನು ಹೇಳುತ್ತೀರಿ?

ಉತ್ತರ: ತಪ್ಪು ನನ್ನದೇ. ಭೂಮಧ್ಯರೇಖೆಯ ಈಚೆಗೆ ಕುಳಿತು ಬರೆಯುವಾಗ ಆಚೆಗೂ ಓದುಗರಿದ್ದಾರೆ ಎಂಬುದನ್ನು ಮರೆತೆ. ಅಲ್ಲಿ ನಡುಹಗಲಿನ ಸೂರ್ಯ ಉತ್ತರದಲ್ಲಿ. ಬೆನ್ನಿಗೆ ಬಿಸಿಲು ಬೇಕೆಂದರೆ ದಕ್ಷಿಣಕ್ಕೆ ನಡೆಯಬೇಕು. 2011ರ ಡಿಸೆಂಬರ್‌ನಲ್ಲಿ ತೆರೆದ ಆ 3000 ಕಿಲೋಮೀಟರ್ ದಾರಿಯನ್ನು ಬಹುಪಾಲು ಜನ ಅಕ್ಟೋಬರ್ ನವೆಂಬರ್‌ನಲ್ಲಿ ಉತ್ತರದ ಕೇಪ್ ರೀಂಗಾದಿಂದ ಹೊರಟು ದಕ್ಷಿಣದ ಬ್ಲಫ್ ಕಡೆಗೆ ನಡೆಯುವುದು. ಅದಕ್ಕೆ ಮುಖ್ಯ ಕಾರಣ ಮೂಗಲ್ಲ, ದಕ್ಷಿಣ ದ್ವೀಪದ ಬೆಟ್ಟಗಳನ್ನು ಬೇಸಿಗೆ ಮುಗಿಯುವುದರೊಳಗೆ ದಾಟಬೇಕೆಂಬುದು. ಬೆಟ್ಟದ ಬಿಸಿಲಿನ ಮೈಯೂ ಅಲ್ಲಿ ತಿರುವುಮುರುವು: ಹಿಮ ಉಳಿಯುವುದು ದಕ್ಷಿಣದ ಮೈಯಲ್ಲಿ. ಹೋದ ಸಂಚಿಕೆಯ 41ನೆಯ ಪುಟದ ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಸಿಪ್ಪೆಯನ್ನು ಕೀಳಬೇಡಿ, ತಾನಾಗಿಯೇ ಉದುರಲಿ.